ಸರ್ಕಾರಿ ಸಂಸ್ಥೆಗಳಲ್ಲಿ ತರಬೇತಿ ಅಗತ್ಯದ ಗುರುತಿಸುವಿಕೆ

ಸಾರ್ವಜನಿಕ ಕಚೇರಿಯೊಂದು ಮಾಡಬೇಕಾದ ಕೆಲಸಕ್ಕೂ ಅಲ್ಲಿ ನಿಜವಾಗಿ ಆಗುತ್ತಿರುವ ಕೆಲಸಕ್ಕೂ ಇರುವ ಅಂತರವನ್ನು ಕಂಡುಕೊಂಡು, ಅದರಲ್ಲಿ ನೌಕರರ ತಿಳಿವಳಿಕೆ, ಕೌಶಲ, ಮನೋಭಾವಗಳ ಕೊರತೆಯಿಂದ ಉಂಟಾದ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡುವ ಕ್ರಮಕ್ಕೆ ತರಬೇತಿ ಅಗತ್ಯದ ಗುರುತಿಸುವಿಕೆ ಎನ್ನುತ್ತಾರೆ. ಪಠ್ಯರಚನೆ, ಬೋಧನೆ, ಮೌಲ್ಯಮಾಪನ ಎಂಬ ಮುಂದಿನ ಹಂತಗಳೆಲ್ಲ ಇದನ್ನೇ ಆಧರಿಸಿ ನಿಲ್ಲಬೇಕು. ಆದರೂ ಸರ್ಕಾರಿ ವಲಯದಲ್ಲಿ ಸುಲಭವಾಗಿ ಬಿಟ್ಟುಹೋಗುವ ಹಂತ ಇದೇ. ತರಬೇತಿ ಸಂಸ್ಥೆ ವರ್ಷದ ಕ್ಯಾಲೆಂಡರ್ ಹೊರಡಿಸುತ್ತದೆ. ಇಷ್ಟು ಜನರನ್ನು ನಿಯೋಜಿಸಿ ಎಂದು ಇಲಾಖೆಗೆ ಪತ್ರ ಬರುತ್ತದೆ. ಆ ವಾರ ಕಚೇರಿಯಲ್ಲಿ ಇಲ್ಲದಿದ್ದರೂ ನಡೆಯುವ ಇಬ್ಬರ ಹೆಸರು ಹೋಗುತ್ತದೆ. ಅವರಿಗೆ ಆ ವಿಷಯ ಬೇಕಿತ್ತೇ ಎಂಬ ಪ್ರಶ್ನೆ ಕಡತದಲ್ಲಿ ಎಲ್ಲಿಯೂ ಏಳುವುದಿಲ್ಲ.

ಖಾಸಗಿ ಕಂಪನಿಯಲ್ಲಿ ಮಾರಾಟ ಇಳಿದರೆ, ಸರಕು ವಾಪಸು ಬಂದರೆ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಸರ್ಕಾರಿ ಕಚೇರಿಗೆ ಅಂಥ ಒಂದೇ ಅಳತೆಗೋಲು ಇಲ್ಲ. ತಹಶೀಲ್ದಾರರ ಕಚೇರಿ ಕಾನೂನಿಗೆ ಬದ್ಧವಾಗಿರಬೇಕು, ಅರ್ಜಿದಾರರಿಗೆ ಬೇಗ ಉತ್ತರಿಸಬೇಕು, ಲೆಕ್ಕಪರಿಶೋಧನೆಗೆ ಸಿದ್ಧವಿರಬೇಕು, ಚುನಾವಣೆ ಬಂದರೆ ಅದನ್ನೂ ನಡೆಸಬೇಕು. ಇವುಗಳಲ್ಲಿ ಒಂದರಲ್ಲಿ ಚುರುಕಾದವರು ಇನ್ನೊಂದರಲ್ಲಿ ಎಡವಬಹುದು. ಜೊತೆಗೆ ವರ್ಗಾವಣೆ ಇದೆ. ಭೂಸ್ವಾಧೀನದ ವಿಷಯ ಕಲಿತು ಬಂದ ಪ್ರಥಮ ದರ್ಜೆ ಸಹಾಯಕರು ತಿಂಗಳೊಪ್ಪತ್ತಿನಲ್ಲಿ ಆಹಾರ ಶಾಖೆಗೆ ಹೋಗಿರುತ್ತಾರೆ. ಆದ್ದರಿಂದ ಇಲ್ಲಿ ಅಗತ್ಯವನ್ನು ವ್ಯಕ್ತಿಗೆ ಮಾತ್ರವಲ್ಲದೆ ಹುದ್ದೆಗೂ ಕಟ್ಟಿ ನೋಡಬೇಕಾಗುತ್ತದೆ.

ಹಿನ್ನೆಲೆ

ಭಾರತದ ಆಧುನಿಕ ಆಡಳಿತದಲ್ಲಿ ಮೊದಲು ಸ್ಪಷ್ಟವಾಗಿ ಗುರುತಿಸಲಾದ ತರಬೇತಿ ಅಗತ್ಯಗಳಲ್ಲಿ ಭಾಷೆಯದು ಮುಖ್ಯವಾದದ್ದು. ಈಸ್ಟ್ ಇಂಡಿಯಾ ಕಂಪನಿಯ ಎಳೆಯ ಅಧಿಕಾರಿಗಳು ತಾವು ಆಳಬೇಕಾದ ಜನರ ಮಾತು ಅರಿಯದೆ ಬಂದಿಳಿಯುತ್ತಿದ್ದರು. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ತೆರೆದದ್ದು ಈ ಕೊರತೆಯನ್ನು ತುಂಬಲಿಕ್ಕೆ. ಅಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ. ಮದರಾಸಿನಲ್ಲಿ 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ದಕ್ಷಿಣದ ಭಾಷೆಗಳಿಗೆ ಒತ್ತು ಕೊಟ್ಟಿತು. ಮದರಾಸಿನ ಅಧಿಕಾರಿ ಜಾನ್ ಮೆಕೆರಲ್ 1820ರಲ್ಲಿ ಬರೆದ ಕನ್ನಡ ವ್ಯಾಕರಣವೂ ಈ ಕಾಲದ್ದೇ. ಕನ್ನಡದ ಮೊದಲ ಮುದ್ರಿತ ವ್ಯಾಕರಣಗಳ ಹಿಂದೆ ಹೀಗೆ ಸಿಬ್ಬಂದಿ ತರಬೇತಿಯ ಒಂದು ಅಗತ್ಯವೂ ಇತ್ತು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬೇರೆ ದೇಶಗಳಲ್ಲಿಯೂ ಈ ವಿಷಯ ಸರ್ಕಾರಗಳ ಗಮನಕ್ಕೆ ಬಂತು. ಬ್ರಿಟನ್ನಿನ ಅಷೆಟನ್ ಸಮಿತಿ 1944ರ ವರದಿಯಲ್ಲಿ ನೌಕರರ ಕೆಲಸದಲ್ಲಿ ಖಚಿತತೆ ತರುವುದು, ಬದಲಾದ ಕಾಲಕ್ಕೆ ಅವರನ್ನು ಹೊಂದಿಸುವುದು, ಅವರು ಯಂತ್ರದಂತಾಗದ ಹಾಗೆ ಕಾಪಾಡುವುದು ತರಬೇತಿಯ ಗುರಿಗಳೆಂದು ಹೇಳಿತು. ಅಮೆರಿಕ 1958ರಲ್ಲಿ ಸರ್ಕಾರಿ ನೌಕರರ ತರಬೇತಿಗೆಂದೇ ಕಾಯ್ದೆ ಮಾಡಿತು.

ಸ್ವತಂತ್ರ ಭಾರತದಲ್ಲಿ ಸಂಸ್ಥೆಗಳು ಮೊದಲು ಹುಟ್ಟಿದವು, ನೀತಿ ಬಹಳ ತಡವಾಗಿ ಬಂತು. ಸಚಿವಾಲಯದ ಸಿಬ್ಬಂದಿಗಾಗಿ 1948ರಲ್ಲಿ ದೆಹಲಿಯಲ್ಲಿ ತರಬೇತಿ ಶಾಲೆ, 1954ರಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ, 1959ರಲ್ಲಿ ಮಸ್ಸೂರಿಯ ಅಕಾಡೆಮಿ ಬಂದವು. 1966ರಲ್ಲಿ ನೇಮಕವಾದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮರುವರ್ಷದಿಂದ ಅಧ್ಯಕ್ಷರಾಗಿದ್ದವರು ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಸಿಬ್ಬಂದಿ ಆಡಳಿತದ ಬಗ್ಗೆ ಆ ಆಯೋಗ 1969ರಲ್ಲಿ ಕೊಟ್ಟ ವರದಿ, ತರಬೇತಿಗೆ ಗುರಿ ಮತ್ತು ಆದ್ಯತೆಗಳನ್ನು ಹೇಳುವ ಒಂದು ರಾಷ್ಟ್ರೀಯ ನೀತಿ ಬೇಕೆಂದು ಶಿಫಾರಸು ಮಾಡಿತು. ಆ ನೀತಿ ಹೊರಬಿದ್ದದ್ದು 1996ರಲ್ಲಿ. ನಡುವಿನ ಕಾಲು ಶತಮಾನದಲ್ಲಿ ಸೇವೆಗೆ ಬಂದು ನಿವೃತ್ತರೂ ಆದ ನೌಕರರು ಎಷ್ಟೋ ಮಂದಿ. ನಷ್ಟದ ಪ್ರಮಾಣವನ್ನು ಇದರಿಂದಲೇ ಊಹಿಸಬಹುದು.

1990ರ ದಶಕದಲ್ಲಿ ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಬ್ರಿಟನ್ನಿನ ಥೇಮ್ಸ್ ವ್ಯಾಲಿ ವಿಶ್ವವಿದ್ಯಾಲಯದ ನೆರವಿನಿಂದ ತರಬೇತುದಾರರನ್ನೇ ತಯಾರು ಮಾಡುವ ಕೋರ್ಸುಗಳನ್ನು ರೂಪಿಸಿತು. ಬೋಧನಾ ಕೌಶಲ, ಪಠ್ಯ ವಿನ್ಯಾಸ, ಮೌಲ್ಯಮಾಪನಗಳ ಜೊತೆ ಅಗತ್ಯ ವಿಶ್ಲೇಷಣೆಗೂ ಪ್ರತ್ಯೇಕ ಕೋರ್ಸು ಇದ್ದದ್ದು ಈ ಕ್ಷೇತ್ರದ ಮಟ್ಟಿಗೆ ದೊಡ್ಡ ಹೆಜ್ಜೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಂಥ ರಾಜ್ಯಮಟ್ಟದ ಸಂಸ್ಥೆಗಳಿಗೆ ಈ ವಿಧಾನ ಬಂದದ್ದು ಇದೇ ದಾರಿಯಲ್ಲಿ. ಇಂದು ಕರ್ನಾಟಕದಲ್ಲಿ ಆ ಸಂಸ್ಥೆ, ಅದರ ಕೆಳಗಿನ ಜಿಲ್ಲಾ ತರಬೇತಿ ಸಂಸ್ಥೆಗಳು, ಪಂಚಾಯತ್ ವ್ಯವಸ್ಥೆಗಾಗಿ ಮೈಸೂರಿನಲ್ಲೇ ಇರುವ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮತ್ತು ಇಲಾಖೆಗಳ ಸ್ವಂತ ತರಬೇತಿ ಕೇಂದ್ರಗಳು ಈ ಹೊಣೆ ಹೊತ್ತಿವೆ.

ಮೂರು ನೆಲೆಗಳು

ಅಗತ್ಯವನ್ನು ಸಂಸ್ಥೆ, ಕೆಲಸ, ವ್ಯಕ್ತಿ ಎಂಬ ಮೂರು ನೆಲೆಗಳಲ್ಲಿ ಹುಡುಕಬೇಕೆಂಬ ವಿಂಗಡಣೆ ವಿಲಿಯಂ ಮೆಕ್‌ಗೀ ಮತ್ತು ಪಾಲ್ ಥೇಯರ್ 1961ರ ತಮ್ಮ ಪುಸ್ತಕದಲ್ಲಿ ಮಾಡಿದ್ದು. ಆಮೇಲೆ ಬಂದ ಬಹುತೇಕ ವಿಧಾನಗಳು ಇದನ್ನೇ ಹಿಗ್ಗಿಸಿವೆ ಅಥವಾ ತಿದ್ದಿವೆ. ಸಂಸ್ಥೆಯ ನೆಲೆಯಲ್ಲಿ ಇಲಾಖೆಯ ಗುರಿ, ಹೊಸ ಯೋಜನೆಗಳು, ಬಜೆಟ್, ಖಾಲಿ ಹುದ್ದೆಗಳು, ಮುಂದಿನ ಐದು ವರ್ಷದಲ್ಲಿ ನಿವೃತ್ತರಾಗುವವರ ಪಟ್ಟಿ ಇವನ್ನೆಲ್ಲ ನೋಡುತ್ತಾರೆ. ಕೆಲಸದ ನೆಲೆಯಲ್ಲಿ ಒಂದು ಹುದ್ದೆಯ ಕರ್ತವ್ಯಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಏನು ಗೊತ್ತಿರಬೇಕು, ಏನು ಮಾಡಲು ಬರಬೇಕು ಎಂದು ಬರೆಯುತ್ತಾರೆ. ವ್ಯಕ್ತಿಯ ನೆಲೆಯಲ್ಲಿ ಆ ಹುದ್ದೆಯಲ್ಲಿ ಈಗ ಕುಳಿತಿರುವವರಿಗೆ ಅದರಲ್ಲಿ ಎಷ್ಟು ಬರುತ್ತದೆ ಎಂದು ನೋಡುತ್ತಾರೆ.

ಮೂರರಲ್ಲಿ ಸರ್ಕಾರಿ ವಲಯ ಹೆಚ್ಚು ಎಡವುವುದು ನಡುವಿನದರಲ್ಲಿ. ಕೆಲಸದ ವಿವರಣೆ ಇರುತ್ತದೆ, ಆದರೆ ಅದು ಹಳೆಯ ಕೈಪಿಡಿಯಲ್ಲಿದೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ದಿನವನ್ನೇ ನೋಡಬಹುದು. ಗ್ರಾಮಸಭೆ ನಡೆಸುವುದು, ತೆರಿಗೆ ವಸೂಲಿ, ಉದ್ಯೋಗ ಖಾತ್ರಿಯ ಕಾಮಗಾರಿ, ಕುಡಿಯುವ ನೀರಿನ ದುರಸ್ತಿ, ಆಸ್ತಿಯ ಇ-ಖಾತೆ, ಮಾಹಿತಿ ಹಕ್ಕಿನ ಅರ್ಜಿ, ಸದಸ್ಯರ ನಡುವಿನ ಜಗಳ, ಇವೆಲ್ಲ ಒಂದೇ ಮೇಜಿಗೆ ಬರುತ್ತವೆ. ನೇಮಕಾತಿ ನಿಯಮದ ಹಾಳೆಯನ್ನಷ್ಟೇ ಓದಿ ಆ ಹುದ್ದೆಗೆ ಬೇಕಾದ ತರಬೇತಿಯನ್ನು ತೀರ್ಮಾನಿಸಿದರೆ ಕೊನೆಯ ಎರಡು ವಿಷಯಗಳು ಖಂಡಿತ ಬಿಟ್ಟುಹೋಗುತ್ತವೆ. ಪಂಚಾಯತಿಯಲ್ಲಿ ಒಂದು ವಾರ ಕುಳಿತು ನೋಡಿದವರಿಗೆ ಆ ಎರಡಕ್ಕೇ ಎಷ್ಟು ಹೊತ್ತು ಹೋಗುತ್ತದೆ ಎಂದು ತಿಳಿಯುತ್ತದೆ.

ತರಬೇತಿಯಿಂದ ತುಂಬುವ ಕೊರತೆ ಯಾವುದು

ಕೆಲಸ ಸರಿಯಾಗಿ ಆಗುತ್ತಿಲ್ಲ ಎಂದ ಮಾತ್ರಕ್ಕೆ ತರಬೇತಿ ಬೇಕು ಎಂದಲ್ಲ. ಈ ಕ್ಷೇತ್ರದ ತಿರುಳು ಇಲ್ಲಿದೆ. ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರಲ್ಲಿ ಒಂದು ಸರಳ ಪರೀಕ್ಷೆಯನ್ನು ಮುಂದಿಟ್ಟರು: ಪ್ರಾಣದ ಮೇಲೆ ಬಂದರೆ ಈ ವ್ಯಕ್ತಿ ಈ ಕೆಲಸವನ್ನು ಮಾಡಬಲ್ಲನೆ? ಮಾಡಬಲ್ಲನಾದರೆ ಅವನಿಗೆ ಕೌಶಲವಿದೆ, ಅಡ್ಡಿ ಬೇರೆ ಎಲ್ಲೋ ಇದೆ. ಥಾಮಸ್ ಗಿಲ್ಬರ್ಟ್ 1978ರ ತನ್ನ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಮಾಹಿತಿ, ಸಲಕರಣೆ, ಪ್ರೋತ್ಸಾಹಗಳಂಥ ಪರಿಸರದ ಅಂಶಗಳನ್ನು ಮೊದಲು ಸರಿಪಡಿಸಬೇಕು, ವ್ಯಕ್ತಿಯನ್ನು ತಿದ್ದುವುದು ಆಮೇಲೆ ಎಂದ. ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಅಗತ್ಯ ವಿಶ್ಲೇಷಣೆಯ ಕೋರ್ಸಿನಲ್ಲಿ ಇದೇ ವಿಚಾರ ಪರಿಸರ, ಪ್ರೇರಣೆ, ನಡವಳಿಕೆ ಎಂಬ ಮೂರು ಕಾಲಂಗಳ ರೂಪದಲ್ಲಿದೆ. ಸಮಸ್ಯೆಯ ಪ್ರತಿಯೊಂದು ಕಾರಣವನ್ನೂ ಈ ಮೂರರಲ್ಲಿ ಒಂದಕ್ಕೆ ಸೇರಿಸಬೇಕು. ತರಬೇತಿಯ ನೇರ ಪಾತ್ರ ಮೂರನೆಯ ಕಾಲಮ್ಮಿನಲ್ಲಿ ಮಾತ್ರ.

ಕರ್ನಾಟಕದ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿರುವ ಪೌತಿ ಖಾತೆಯನ್ನು ತೆಗೆದುಕೊಂಡು ಇದನ್ನು ಬಿಡಿಸಿ ನೋಡಬಹುದು. ಜಮೀನಿನ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಪಹಣಿ ಬದಲಾಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ಗ್ರಾಮ ಲೆಕ್ಕಾಧಿಕಾರಿ (ಈಗಿನ ಹೆಸರು ಗ್ರಾಮ ಆಡಳಿತಾಧಿಕಾರಿ) ಪರಿಶೀಲಿಸಿದ ವಂಶವೃಕ್ಷ ಬೇಕು. ಒಂದು ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲದ ವಂಶವೃಕ್ಷಗಳು ಮತ್ತೆ ಮತ್ತೆ ಬರುತ್ತಿವೆ, ಅದರಿಂದ ತಕರಾರು ಹೆಚ್ಚಿ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿಗಳು ಗುಡ್ಡೆ ಬಿದ್ದಿವೆ ಎಂದುಕೊಳ್ಳೋಣ. ಮೇಲಿನಿಂದ ನೋಡುವವರು ಉತ್ತರಾಧಿಕಾರ ಕಾನೂನಿನ ಬಗ್ಗೆ ಎರಡು ದಿನದ ತರಬೇತಿ ಕೊಡಿ ಎಂದು ಬರೆದುಬಿಡುವುದು ಸುಲಭ.

ಆ ಆದೇಶದಲ್ಲಿ ಒಂದಷ್ಟು ಅರ್ಥ ಇರಲೂಬಹುದು, ಏಕೆಂದರೆ ಈ ಕಾನೂನು ಪದರ ಪದರವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನ ಸಾಲಿನಲ್ಲೇ ನಿಲ್ಲಿಸಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಜಾರಿಗೆ ತಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿ, ತಂದೆ ಆಗ ಬದುಕಿರಬೇಕಾಗಿಲ್ಲ ಎಂದಿತು. ಇಪ್ಪತ್ತು ವರ್ಷದ ಹಿಂದೆ ಇಲಾಖಾ ಪರೀಕ್ಷೆ ಮುಗಿಸಿದವರಿಗೆ ಇದೆಲ್ಲ ಗೊತ್ತಿಲ್ಲದಿದ್ದರೆ ಅದು ನಿಜವಾದ ತರಬೇತಿ ಅಗತ್ಯ.

ಆದರೆ ಹತ್ತು ಮಂದಿ ಗ್ರಾಮ ಲೆಕ್ಕಾಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದರೆ ಬೇರೆ ಬೇರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಒಬ್ಬರಿಗೆ ನಿಜವಾಗಿಯೂ 2005ರ ಬದಲಾವಣೆ ತಿಳಿಯದು. ಇನ್ನೊಬ್ಬರಿಗೆ ಚೆನ್ನಾಗಿ ತಿಳಿದಿದೆ, ಆದರೆ ಮೂರು ವೃತ್ತಗಳ ಪ್ರಭಾರ ಅವರ ಮೇಲಿದೆ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಹುಡುಕಿ ಮಹಜರು ಮಾಡಲು ಅವರಿಗೆ ಪುರಸೊತ್ತಿಲ್ಲ, ಅಣ್ಣತಮ್ಮಂದಿರು ಬರೆದುಕೊಟ್ಟದ್ದನ್ನೇ ಒಪ್ಪುತ್ತಾರೆ. ಮೂರನೆಯವರಿಗೆ ತಿಳಿದಿದೆ, ಸಮಯವೂ ಇದೆ. ತವರಿನ ಆಸ್ತಿ ಕೇಳಬಾರದು ಎಂಬ ಊರಿನ ಮಾತಿಗೆ, ಊರಿನ ಮುಖಂಡರ ಒತ್ತಡಕ್ಕೆ ಅವರು ಎದುರು ನಿಲ್ಲಲಾರರು, ಅಥವಾ ಅವರ ಮನಸ್ಸೂ ಅದೇ ಕಡೆ ಇದೆ. ಮೊದಲನೆಯವರಿಗೆ ಬೇಕಾದದ್ದು ಪಾಠ, ಎರಡನೆಯವರಿಗೆ ಬೇಕಾದದ್ದು ಖಾಲಿ ಹುದ್ದೆಯ ಭರ್ತಿ. ಮೂರನೆಯವರಿಗೆ ಕಾನೂನಿನ ಪಾಠ ಹೇಳುವುದು ದಂಡ. ಅವರಿಗೆ ಮೇಲಧಿಕಾರಿಯ ಬೆಂಬಲ ಮತ್ತು ಸ್ಪಷ್ಟ ಲಿಖಿತ ಆದೇಶ ಬೇಕು, ತಪ್ಪಿದರೆ ಶಿಸ್ತುಕ್ರಮ ಬೇಕು. ಮನೋಭಾವ ಬದಲಿಸುವ ತರಬೇತಿಯೂ ಬೇಕಾಗಬಹುದು, ಆದರೆ ಅದು ಸೆಕ್ಷನ್ನುಗಳ ಪಟ್ಟಿ ಓದಿಸುವ ತರಬೇತಿಯಲ್ಲ. ಮೂವರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಒಂದೇ ಉಪನ್ಯಾಸ ಕೊಟ್ಟರೆ ಹಾಜರಾತಿ ಪುಸ್ತಕ ತುಂಬುತ್ತದೆ. ವಂಶವೃಕ್ಷದಲ್ಲಿ ಮಗಳ ಹೆಸರು ಬರುವುದಿಲ್ಲ.

ಎಲ್ಲಿ ಹುಡುಕಬೇಕು

ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಬೇಕಾದ ಮಾಹಿತಿಯ ಬಹುಪಾಲು ಆಗಲೇ ಕಾಗದದ ಮೇಲಿದೆ. ಹೊಸ ಸಮೀಕ್ಷೆಗೆ ಹಣ ಕೇಳುವ ಮುನ್ನ ಅದನ್ನು ಓದಬೇಕು. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು ಇದರಲ್ಲಿ ಎಲ್ಲಕ್ಕಿಂತ ಶ್ರೀಮಂತ ಆಕರ. ಒಂದು ವಿಭಾಗದಲ್ಲಿ ಟೆಂಡರ್ ಕುರಿತ ಆಕ್ಷೇಪಣೆ ವರ್ಷ ವರ್ಷವೂ ಮರುಕಳಿಸುತ್ತಿದ್ದರೆ, ಅಲ್ಲಿನವರಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಯಾವ ಭಾಗ ಮನದಟ್ಟಾಗಿಲ್ಲ ಎಂದು ಆಕ್ಷೇಪಣೆಯ ಕಂಡಿಕೆಯೇ ತೋರಿಸಿಕೊಡುತ್ತದೆ. ಮಾಹಿತಿ ಆಯೋಗದ ಆದೇಶಗಳು, ನ್ಯಾಯಾಲಯಗಳು ವಾಪಸು ಕಳಿಸಿದ ಪ್ರಕರಣಗಳು, ಇಲಾಖಾ ವಿಚಾರಣೆ ನಿಲ್ಲದೆ ಬಿದ್ದುಹೋದ ಕಾರಣಗಳು, ಖಜಾನೆಯಿಂದ ಹಿಂದಿರುಗಿದ ಬಿಲ್ಲುಗಳು, ಇವೂ ಹಾಗೆಯೇ.

ಕರ್ನಾಟಕಕ್ಕೆ ಇನ್ನೊಂದು ಅನುಕೂಲವಿದೆ. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯಡಿ 2012ರ ಏಪ್ರಿಲ್‌ನಿಂದ ರಾಜ್ಯವ್ಯಾಪಿ ನಡೆಯುತ್ತಿರುವ ‘ಸಕಾಲ’ದಲ್ಲಿ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಪ್ರತಿ ಸೇವೆಗೂ ಒಂದು ಗಡುವು ಇದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರು ಪರಿಹಾರ ಕೇಳಬಹುದು. ಯಾವ ಕಚೇರಿಯಲ್ಲಿ ಯಾವ ಸೇವೆ ತಡವಾಗುತ್ತಿದೆ, ಯಾವುದು ಯಾವ ಕಾರಣ ಬರೆದು ತಿರಸ್ಕೃತವಾಗುತ್ತಿದೆ ಎಂಬ ವಿವರ ಹೀಗೆ ತಾನಾಗಿ ಸಂಗ್ರಹವಾಗುತ್ತದೆ. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಸಿಬ್ಬಂದಿಯೂ ಅರ್ಜಿಗಳೂ ಹೆಚ್ಚುಕಡಿಮೆ ಸಮನಾಗಿದ್ದು ಒಂದರಲ್ಲಿ ಮಾತ್ರ ತಿರಸ್ಕಾರ ಹೆಚ್ಚಿದ್ದರೆ, ಹುಡುಕಾಟ ಅಲ್ಲಿಂದ ಶುರುವಾಗಬೇಕು. ಈ ದತ್ತಾಂಶವನ್ನು ಶಿಸ್ತುಕ್ರಮಕ್ಕೆ ಮಾತ್ರ ಬಳಸಿ ತರಬೇತಿಯ ಯೋಜನೆಗೆ ಬಳಸದಿರುವುದು ಕೈಗೆ ಬಂದ ಸಾಧನವನ್ನು ಅರ್ಧಕ್ಕೆ ಬಿಟ್ಟ ಹಾಗೆ.

ಕಾಗದ ಮುಗಿದ ಮೇಲೆ ಜನರ ಬಳಿ ಹೋಗಬೇಕು. ಪ್ರಶ್ನಾವಳಿ ಅಗ್ಗ, ಸಾವಿರ ಜನರನ್ನು ಒಟ್ಟಿಗೆ ಮುಟ್ಟುತ್ತದೆ. ಆದರೆ ‘ನಿಮಗೆ ಯಾವ ತರಬೇತಿ ಬೇಕು?’ ಎಂದು ಕೇಳಿದರೆ ಬರುವುದು ಅಗತ್ಯವಲ್ಲ, ಬಯಕೆ. ಕಂಪ್ಯೂಟರ್, ಒತ್ತಡ ನಿರ್ವಹಣೆ, ವ್ಯಕ್ತಿತ್ವ ವಿಕಸನ ಎಂಬ ಮೂರು ಉತ್ತರಗಳು ಎಲ್ಲ ಇಲಾಖೆಗಳಿಂದಲೂ ಬರುತ್ತವೆ. ಪ್ರಶ್ನಾವಳಿ ಇಂಗ್ಲಿಷಿನಲ್ಲಿದ್ದರಂತೂ ತಾಲ್ಲೂಕು ಮಟ್ಟದ ಸಿಬ್ಬಂದಿ ಪಕ್ಕದವರು ತುಂಬಿದ್ದನ್ನೇ ತಾವೂ ತುಂಬುತ್ತಾರೆ. ಅದು ಕನ್ನಡದಲ್ಲಿ, ಕಚೇರಿಯಲ್ಲಿ ಆಡುವ ಮಾತಿನಲ್ಲೇ ಇರಬೇಕು.

ಇದಕ್ಕಿಂತ ಹೆಚ್ಚು ಕೊಡುವುದು ಘಟನೆಗಳ ಮೂಲಕ ಕೇಳುವ ವಿಧಾನ. ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲಾನಗನ್ ಎರಡನೆಯ ಮಹಾಯುದ್ಧ ಕಾಲದ ವಿಮಾನ ಚಾಲಕರ ಅಧ್ಯಯನದಿಂದ ಇದನ್ನು ಬೆಳೆಸಿ 1954ರಲ್ಲಿ ವಿವರವಾಗಿ ಪ್ರಕಟಿಸಿದ. ‘ಕಳೆದ ಆರು ತಿಂಗಳಲ್ಲಿ ನಿಮಗೆ ಏನು ಮಾಡಬೇಕೆಂದು ತೋಚದೆ ನಿಂತ ಒಂದು ಪ್ರಸಂಗ ಹೇಳಿ’ ಎಂದು ಕೇಳಿದರೆ ನೌಕರರು ಮಾತಾಡುತ್ತಾರೆ. ನೆರೆ ಬಂದ ರಾತ್ರಿ ಕಾಳಜಿ ಕೇಂದ್ರ ತೆರೆಯಲು ಯಾರ ಅನುಮತಿ ಬೇಕೆಂದು ತಿಳಿಯಲಿಲ್ಲ ಎಂದು ಒಬ್ಬ ಕಂದಾಯ ನಿರೀಕ್ಷಕರು ಹೇಳಿದರೆ, ಆ ಒಂದು ವಾಕ್ಯ ಪ್ರಶ್ನಾವಳಿಯ ನೂರು ಗುರುತುಗಳಿಗಿಂತ ಹೆಚ್ಚು ತಿಳಿಸುತ್ತದೆ. ಮಾತನ್ನು ಮೇಲಧಿಕಾರಿಯ ಎದುರಿನಲ್ಲಿ ಕೇಳಬಾರದು. ಗುಂಪು ಚರ್ಚೆಯಲ್ಲಿ ಶಿರಸ್ತೇದಾರರು ಕೂತಿದ್ದರೆ ದ್ವಿತೀಯ ದರ್ಜೆ ಸಹಾಯಕರು ಬಾಯಿ ಬಿಡುವುದಿಲ್ಲ. ಕೇಳಿದ್ದನ್ನು ಶಿಸ್ತಿನ ಕಡತಕ್ಕೆ ಸೇರಿಸುವುದಿಲ್ಲ ಎಂಬ ಭರವಸೆಯೂ ಬೇಕು. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡವರಿಗೆ ಅದರಿಂದ ತೊಂದರೆಯಾದರೆ ಮತ್ತೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ವಾರ್ಷಿಕ ಕಾರ್ಯನಿರ್ವಹಣಾ ವರದಿಯೂ ಒಂದು ಆಕರವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಬಡ್ತಿಯ ಭವಿಷ್ಯ ಅದರ ಮೇಲೆ ನಿಂತಿರುವುದರಿಂದ ವರದಿ ಬರೆಯುವವರೂ ಬರೆಸಿಕೊಳ್ಳುವವರೂ ಕೊರತೆಯನ್ನು ಬಿಚ್ಚಿ ಹೇಳುವುದಿಲ್ಲ, ಹಾಗಾಗಿ ಅದರಿಂದ ಸಿಗುವುದು ಕಡಿಮೆ. ಸೇವೆ ಪಡೆಯುವ ಜನರನ್ನೇ ಕೇಳುವುದು ಇದಕ್ಕಿಂತ ಮೇಲು. ಪಿಂಚಣಿಗೆ ಅಲೆದ ವಿಧವೆ, ಪೋಡಿಗೆ ಕಾದ ರೈತ ಯಾವ ಮೇಜಿನ ಮುಂದೆ ಏನು ಉತ್ತರ ಸಿಕ್ಕಿತು ಎಂದು ಹೇಳಬಲ್ಲರು. ಅವರ ಮಾತನ್ನು ಅಗತ್ಯ ವಿಶ್ಲೇಷಣೆಯ ಭಾಗವಾಗಿ ದಾಖಲಿಸುವ ಕಚೇರಿಗಳು ವಿರಳ.

ಕಾನೂನೂ ತಂತ್ರಜ್ಞಾನವೂ ಬದಲಾದಾಗ

ಕೆಲವು ಅಗತ್ಯಗಳನ್ನು ಹುಡುಕಬೇಕಾಗಿಲ್ಲ, ಅವು ದಿನಾಂಕ ಹೇಳಿ ಬರುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆ ತನ್ನ 26ನೆಯ ಪ್ರಕರಣದಲ್ಲೇ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ತರಬೇತಿ ಕೊಡುವ ಮಾತನ್ನು ಹೇಳಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ವಾಣಿಜ್ಯ ತೆರಿಗೆ ಇಲಾಖೆಯ ಪೂರ್ತಿ ಸಿಬ್ಬಂದಿಯ ತಿಳಿವಳಿಕೆ ಒಂದೇ ದಿನದಲ್ಲಿ ಹಳತಾಯಿತು. 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದವು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಸಹಿತ ಚಿತ್ರೀಕರಿಸಬೇಕು; ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇಲ್ಲಿಯೂ ಅಗತ್ಯವನ್ನು ಹುದ್ದೆವಾರು ಬಿಡಿಸಬೇಕು. ಸೆಕ್ಷನ್ನುಗಳ ಹೊಸ ಸಂಖ್ಯೆ ಎಲ್ಲರಿಗೂ ಬೇಕು. ಚಿತ್ರೀಕರಣ ಮಾಡಿ, ಅದನ್ನು ಕೆಡದಂತೆ ಕಾಪಿಟ್ಟು, ನ್ಯಾಯಾಲಯ ಒಪ್ಪುವಂತೆ ಸಲ್ಲಿಸುವುದು ತನಿಖಾಧಿಕಾರಿಗೂ ಅವರ ಜೊತೆ ಹೋಗುವ ಕಾನ್‌ಸ್ಟೆಬಲ್‌ಗೂ ಬೇಕು, ಅದು ಕೈಯಿಂದ ಮಾಡಿ ಕಲಿಯುವ ವಿದ್ಯೆ.

ತಂತ್ರಜ್ಞಾನದ ವಿಷಯದಲ್ಲಿ ಕರ್ನಾಟಕದ ಹಳೆಯ ಅನುಭವ ‘ಭೂಮಿ’ ಯೋಜನೆಯದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸುವಾಗ, ಆಯ್ದ ಗ್ರಾಮ ಲೆಕ್ಕಿಗರಿಗೇ ಕಂಪ್ಯೂಟರ್ ಕಲಿಸಿ ತಾಲ್ಲೂಕು ಕೇಂದ್ರಗಳಲ್ಲಿ ಕೂರಿಸಲಾಯಿತು. ಭೂದಾಖಲೆ ಬಲ್ಲವರಿಗೆ ಕೀಲಿಮಣೆ ಕಲಿಸುವುದು, ಕೀಲಿಮಣೆ ಬಲ್ಲವರಿಗೆ ಭೂದಾಖಲೆ ಕಲಿಸುವುದಕ್ಕಿಂತ ಸುಲಭ ಎಂಬ ಅರಿವು ಅದರ ಹಿಂದಿತ್ತು ಎನ್ನಬೇಕು. ಇದಕ್ಕೆ ಎದುರಾಗಿ, 2012ರ ನಿಯಮಗಳಂತೆ ರಾಜ್ಯ ನೌಕರರಿಗೆ ಕಡ್ಡಾಯವಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಎಲ್ಲರನ್ನೂ ಒಂದೇ ಅಳತೆಯಿಂದ ಅಳೆಯಿತು. ಕನಿಷ್ಠ ಮಟ್ಟವೊಂದನ್ನು ಗೊತ್ತುಮಾಡಲು ಅದು ಉಪಯುಕ್ತ. ಆದರೆ ಇ-ಆಫೀಸಿನಲ್ಲಿ ಟಿಪ್ಪಣಿ ಮಂಡಿಸುವವರಿಗೂ ಖಜಾನೆ-2ರಲ್ಲಿ ಬಿಲ್ಲು ತಯಾರಿಸುವವರಿಗೂ ಬೇಕಾದ ಕಂಪ್ಯೂಟರ್ ಜ್ಞಾನ ಬೇರೆ ಬೇರೆ ಎಂಬುದನ್ನು ಅಂಥ ಪರೀಕ್ಷೆ ಹೇಳಲಾರದು.

ಸಾಮರ್ಥ್ಯದ ಚೌಕಟ್ಟು

ಡೇವಿಡ್ ಮೆಕ್ಲೆಲೆಂಡ್ 1973ರಲ್ಲಿ ಬರೆದ ಪ್ರಸಿದ್ಧ ಲೇಖನ, ಜನರ ಬುದ್ಧಿಯನ್ನಲ್ಲ, ಕೆಲಸಕ್ಕೆ ಬೇಕಾದ ಸಾಮರ್ಥ್ಯವನ್ನು ಅಳೆಯಬೇಕು ಎಂದು ವಾದಿಸಿತು. ಈ ವಿಚಾರ ಭಾರತ ಸರ್ಕಾರದ 2012ರ ರಾಷ್ಟ್ರೀಯ ತರಬೇತಿ ನೀತಿಯಲ್ಲಿ ಕೇಂದ್ರಸ್ಥಾನ ಪಡೆಯಿತು. ಪ್ರತಿ ಹುದ್ದೆಗೂ ಬೇಕಾದ ಸಾಮರ್ಥ್ಯಗಳನ್ನು ಬರೆಯಬೇಕು, ಪ್ರತಿ ಇಲಾಖೆಯಲ್ಲೂ ಒಬ್ಬ ತರಬೇತಿ ವ್ಯವಸ್ಥಾಪಕರಿರಬೇಕು, ವೇತನ ಬಜೆಟ್ಟಿನ ಶೇ. 2.5ರಷ್ಟನ್ನು ತರಬೇತಿಗೆ ಇಡಬೇಕು, ಕೆಳಹಂತದ ನೌಕರರಿಂದ ಹಿಡಿದು ಎಲ್ಲರಿಗೂ ತರಬೇತಿ ದೊರೆಯಬೇಕು ಎಂದು ಆ ನೀತಿ ಹೇಳಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಸಿದ್ಧವಾದ ಸಾಮರ್ಥ್ಯ ಕೋಶದಲ್ಲಿ 25 ಸಾಮಾನ್ಯ ಸಾಮರ್ಥ್ಯಗಳನ್ನು ಸೇವಾಮನೋಧರ್ಮ, ನೈತಿಕತೆ, ಸಮಾನತೆ, ದಕ್ಷತೆ ಎಂಬ ನಾಲ್ಕು ಗುಂಪುಗಳಲ್ಲಿ ಜೋಡಿಸಲಾಗಿದೆ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ‘ಮಿಷನ್ ಕರ್ಮಯೋಗಿ’ ಇದನ್ನು ಮುಂದಕ್ಕೆ ಒಯ್ದಿತು. ಸುಮಾರು 46 ಲಕ್ಷ ಕೇಂದ್ರ ನೌಕರರಿಗಾಗಿ ಐದು ವರ್ಷಕ್ಕೆ 510.86 ಕೋಟಿ ರೂಪಾಯಿ ಗೊತ್ತುಪಡಿಸಲಾಯಿತು. 2021ರಲ್ಲಿ ಸಾಮರ್ಥ್ಯ ವರ್ಧನಾ ಆಯೋಗ ರಚನೆಯಾಯಿತು. ಹುದ್ದೆಯಿಂದ ಪಾತ್ರಗಳು, ಪಾತ್ರಗಳಿಂದ ಚಟುವಟಿಕೆಗಳು, ಚಟುವಟಿಕೆಗಳಿಂದ ಬೇಕಾದ ಸಾಮರ್ಥ್ಯಗಳು ಎಂದು ಇಳಿಯುವ ಚೌಕಟ್ಟು ಇದರ ಬೆನ್ನೆಲುಬು. ಸಾಮರ್ಥ್ಯಗಳನ್ನು ನಡವಳಿಕೆಯವು, ಕಾರ್ಯನಿರ್ವಹಣೆಯವು, ವಿಷಯ ಪರಿಣತಿಯವು ಎಂದು ಮೂರಾಗಿ ವಿಂಗಡಿಸಲಾಗುತ್ತದೆ. ಇಲಾಖೆಗಳು ಈ ಆಧಾರದ ಮೇಲೆ ವಾರ್ಷಿಕ ಸಾಮರ್ಥ್ಯ ವರ್ಧನಾ ಯೋಜನೆ ತಯಾರಿಸಬೇಕು. ಕೋರ್ಸುಗಳು ‘ಐಗಾಟ್ ಕರ್ಮಯೋಗಿ’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಸಿಗುತ್ತವೆ. 2025ರಲ್ಲಿ ಅದರ ನೋಂದಾಯಿತರ ಸಂಖ್ಯೆ ಒಂದು ಕೋಟಿ ದಾಟಿತು.

ಚೌಕಟ್ಟು ಸರಿಯಾದದ್ದು. ನಿಯಮಕ್ಕೆ ತಕ್ಕ ನೌಕರರಿಂದ ಪಾತ್ರಕ್ಕೆ ತಕ್ಕ ನೌಕರರ ಕಡೆಗೆ ಎಂಬ ಅದರ ಗುರಿಯೂ ಸರಿ. ಅಪಾಯ ಇರುವುದು ಎಣಿಕೆಯಲ್ಲಿ. ಮುಗಿಸಿದ ಕೋರ್ಸುಗಳ ಸಂಖ್ಯೆಯನ್ನೇ ಸಾಧನೆಯೆಂದು ವರದಿ ಮಾಡತೊಡಗಿದರೆ ನೌಕರರು ತಮಗೆ ಬೇಕಾದ ಕೋರ್ಸನ್ನು ಬಿಟ್ಟು ಬೇಗ ಮುಗಿಯುವ ಕೋರ್ಸನ್ನು ಆರಿಸಿಕೊಳ್ಳುತ್ತಾರೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯ ಫಲವನ್ನು ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ ಎಂಬ ನಾಲ್ಕು ಮಟ್ಟಗಳಲ್ಲಿ ಅಳೆಯಬೇಕೆಂದಿದ್ದ. ಆರಂಭದಲ್ಲಿ ಅಗತ್ಯವನ್ನು ಅಳೆಯದೆ ಹೋದಲ್ಲಿ ಕೊನೆಯ ಎರಡು ಮಟ್ಟಗಳನ್ನು ಅಳೆಯಲು ಆಧಾರವೇ ಇರುವುದಿಲ್ಲ.

ಕೋರ್ಸು, ತರಗತಿಗಳೇ ತರಬೇತಿಯ ಏಕೈಕ ರೂಪವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಂಗನವಾಡಿ ಕಾರ್ಯಕರ್ತೆಯರಿಗಾಗಿ ರೂಪಿಸಿದ ಕಲಿಕಾ ಕ್ರಮದಲ್ಲಿ 21 ವಿಷಯಗಳನ್ನು ತಿಂಗಳ ವಲಯ ಸಭೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುತ್ತಾರೆ. ಕಲಿತದ್ದನ್ನು ಮರುದಿನವೇ ಕೇಂದ್ರದಲ್ಲಿ ಮಾಡಿ ನೋಡಬಹುದು. ಕರ್ನಾಟಕದ ಶಾಲಾ ಶಿಕ್ಷಕರ ‘ಗುರುಚೇತನ’ ಕಾರ್ಯಕ್ರಮ ಇನ್ನೊಂದು ದಿಕ್ಕಿನಲ್ಲಿ ಹೋಗಿ, ಯಾವ ವಿಷಯದ ತರಬೇತಿ ಬೇಕೆಂದು ಶಿಕ್ಷಕರೇ ಆರಿಸಿಕೊಳ್ಳಲು ಅವಕಾಶ ಮಾಡಿತು. ಭಿನ್ನರಾಶಿಯಲ್ಲಿ ಮಕ್ಕಳು ಎಲ್ಲಿ ಸಿಕ್ಕಿಕೊಳ್ಳುತ್ತಾರೆಂದು ಗಣಿತ ಪಾಠ ಮಾಡುವವರಿಗಿಂತ ಚೆನ್ನಾಗಿ ತಿಳಿದವರು ಯಾರು?

ಅಡ್ಡಿಗಳು

ಅಗತ್ಯವನ್ನು ಸರಿಯಾಗಿ ಗುರುತಿಸಿದರೂ ಅದು ತರಬೇತಿ ಸಂಸ್ಥೆಯನ್ನು ಮುಟ್ಟುವ ದಾರಿಯಲ್ಲಿ ಕಳೆದುಹೋಗಬಹುದು. ಇಲಾಖೆಯ ವಿಶ್ಲೇಷಣೆ ಬಜೆಟ್ ತಯಾರಿಗೆ ಮೊದಲೇ ಸಿದ್ಧವಾಗಿರದಿದ್ದರೆ ಆ ವರ್ಷ ಅದಕ್ಕೆ ಹಣವಿಲ್ಲ. ತರಬೇತಿ ಸಂಸ್ಥೆಗಳ ಬೋಧಕರು ಅನೇಕ ವೇಳೆ ನಿಯೋಜನೆಯ ಮೇಲೆ ಬಂದವರು. ಅವರು ವಿಷಯವನ್ನು ಅರಿತು ಕಲಿಸತೊಡಗುವ ಹೊತ್ತಿಗೆ ಅವರಿಗೂ ವರ್ಗಾವಣೆ. ಊರು ಬಿಟ್ಟು ಐದು ದಿನ ವಸತಿ ತರಬೇತಿಗೆ ಹೋಗುವುದು ಎಳೆಯ ಮಕ್ಕಳಿರುವ ನೌಕರ ತಾಯಂದಿರಿಗೆ ಕಷ್ಟವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆಗಳಲ್ಲಿ ಅವರ ಗೈರುಹಾಜರಿ ಆಸಕ್ತಿಯ ಕೊರತೆಯೆಂದು ದಾಖಲಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಇಂದು ನಾಡಕಚೇರಿಯ ಕಿಟಕಿಯಲ್ಲಿ, ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ, ಪಂಚಾಯತಿಯ ಕಂಪ್ಯೂಟರಿನ ಮುಂದೆ ಕುಳಿತು ಜನರೊಡನೆ ವ್ಯವಹರಿಸುವವರಲ್ಲಿ ಅನೇಕರು ಹೊರಗುತ್ತಿಗೆ ಅಥವಾ ಗುತ್ತಿಗೆಯ ಸಿಬ್ಬಂದಿ. ಅರ್ಜಿ ಸ್ವೀಕರಿಸುವವರು, ದಾಖಲೆ ಸಾಲದು ಎಂದು ವಾಪಸು ಕಳಿಸುವವರು, ಹೆಸರಿನ ಕಾಗುಣಿತ ಟೈಪು ಮಾಡುವವರು ಅವರೇ. ಒಂದು ಅಕ್ಷರದ ತಪ್ಪು ತಿದ್ದಿಸಲು ಬಡವರು ವಾರಗಟ್ಟಲೆ ಕೂಲಿ ಬಿಟ್ಟು ಓಡಾಡುವುದು ಎಲ್ಲರಿಗೂ ಗೊತ್ತು. ಆದರೆ ಈ ಸಿಬ್ಬಂದಿ ಏಜೆನ್ಸಿಯ ಪಟ್ಟಿಯಲ್ಲಿರುವುದರಿಂದ ಇಲಾಖೆಯ ತರಬೇತಿ ಪಟ್ಟಿಯಲ್ಲಿ ಸಾಮಾನ್ಯವಾಗಿ ಅವರ ಹೆಸರು ಬರುವುದಿಲ್ಲ, ಅಗತ್ಯ ಸಮೀಕ್ಷೆಯ ಪ್ರಶ್ನಾವಳಿಯೂ ಅವರ ಕೈಗೆ ಹೋಗುವುದಿಲ್ಲ. ವಾರ್ಷಿಕ ತರಬೇತಿ ಯೋಜನೆ ಸಿದ್ಧಪಡಿಸುವ ಪ್ರತಿ ಇಲಾಖೆಯೂ ತನ್ನ ಕಚೇರಿಗಳಲ್ಲಿ ಕೆಲಸ ಮಾಡುವ ಗುತ್ತಿಗೆ ಸಿಬ್ಬಂದಿಯ ಪಟ್ಟಿಯನ್ನು ಮೊದಲು ತರಿಸಿಕೊಳ್ಳಬೇಕು, ಅವರ ಕೆಲಸವನ್ನೂ ಹುದ್ದೆವಾರು ಬರೆಯಬೇಕು, ಏಜೆನ್ಸಿಯೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲೇ ತರಬೇತಿಯ ದಿನಗಳನ್ನೂ ಆ ದಿನಗಳ ಕೂಲಿಯನ್ನೂ ಸೇರಿಸಬೇಕು.